ಗೂಡು ಪರೀಕ್ಷೆ, ರಾಮನಗರ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಿಗೆ ಮುನ್ನ ಗೂಡಿನ ಗುಣ ಅಳೆಯುವ ಕ್ರಮ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಷ್ಟೇ ಅಲ್ಲ, ಹೊರರಾಜ್ಯದ ರೈತರೂ ಗೂಡು ತರುತ್ತಾರೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಲಾಟಿನಿಂದ ಒಂದು ಹಿಡಿ ಎತ್ತಿ, ಬೆರಳಲ್ಲಿ ಅದುಮಿ, ಒಂದನ್ನು ಕಿವಿಯ ಬಳಿ ಅಲುಗಿಸುತ್ತಾನೆ. ಒಳಗಿನ ಕೋಶ ಬಲಿತಿದ್ದರೆ ಕಟಕಟ ಸದ್ದು ಕೇಳುತ್ತದೆ. ಜೋಡಿಗೂಡು, ಕಲೆಗೂಡು, ಊಜಿನೊಣ ಕೊರೆದ ಗೂಡು ಹೆಚ್ಚಿದ್ದರೆ ದರ ಇಳಿಯಿತೆಂದೇ ಲೆಕ್ಕ. ತೂಕದ ಪರೀಕ್ಷೆಯೂ ಉಂಟು: 2 ಗ್ರಾಂ ತೂಗುವ ಗೂಡನ್ನು ಸೀಳಿ ಕೋಶ ತೆಗೆದ ಮೇಲೆ ಚಿಪ್ಪು 0.4 ಗ್ರಾಂ ಇದ್ದರೆ ಚಿಪ್ಪಿನ ಪ್ರಮಾಣ ಶೇ 20.

ಕೂಗಿನ ಹರಾಜು ಈಗ ಇ-ಹರಾಜಾಗಿದೆ; ಲಾಟಿನ ಸಂಖ್ಯೆಗೆ ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ತಂತ್ರಾಂಶಕ್ಕೆ ಬೆಲೆ ಹೋಲಿಸಲು ಬರುತ್ತದೆ, ಗೂಡು ಅಲುಗಿಸಲು ಬರುವುದಿಲ್ಲ. ಕೈಪರೀಕ್ಷೆ ಉಳಿದಿರುವುದು ಅದಕ್ಕೇ. ಮುಂದೆ ನೂಲು ತೆಗೆಯುವಾಗ, ಸ್ವಯಂಚಾಲಿತ ರೀಲಿಂಗ್ ಯಂತ್ರದಲ್ಲಿ ಮಾತ್ರ ನೂಲಿನ ಪರೀಕ್ಷೆಯೂ ಯಂತ್ರದ ಪಾಲಿಗೆ ಹೋಗಿದೆ. ನೂಲು ತೆಳುವಾದೊಡನೆ ಅದರ ದಪ್ಪ ಗಮನಿಸುವ ಡೀನಿಯರ್ ಸೂಚಕ ಅದನ್ನು ಗುರುತಿಸುತ್ತದೆ, ಯಂತ್ರ ಹೊಸ ಗೂಡಿನ ಎಳೆ ಸೇರಿಸುತ್ತದೆ. ಚರಕದ ಬಿಸಿನೀರಿನ ಮುಂದೆ ಕೂತವರಿಗೆ ಇದೇ ಕೆಲಸ ಕಣ್ಣು-ಬೆರಳಿನದು; ಪಕ್ಕದವರ ಕೈ ನೋಡಿ ಕಲಿಯುವಂಥದ್ದು.