ಮುದ್ರೆಯೂ ಪ್ರಮಾಣವೂ: ಮುದ್ರಾರಾಕ್ಷಸದಿಂದ ಮುದ್ರಾಮಂಜೂಷದವರೆಗೆ

ರಾಜಾಸ್ಥಾನವನ್ನು ರಂಗವನ್ನಾಗಿ ಮಾಡಿಕೊಂಡ ರಹಸ್ಯಕಥೆಯು ಆಂಗ್ಲಸಾಹಿತ್ಯದ ಪರಿಚಯವಾದ ಮೇಲೆಯೇ ಕನ್ನಡಕ್ಕೆ ಬಂದಿತೆಂಬ ಅಭಿಪ್ರಾಯವುಂಟು. ಪತ್ತೇದಾರಿ ಕಥೆಗಳಿಗೆ ಮೊದಲಿನದೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಎಡ್ಗರ್ ಆಲನ್ ಪೋ ಎಂಬ ಅಮೆರಿಕದ ಲೇಖಕನ ಕಥೆಯು ಪ್ರಕಟವಾದುದು 1841ರಲ್ಲಿ. ಅದಕ್ಕೆ 18 ವರ್ಷಗಳ ಹಿಂದೆ, 1823ರಲ್ಲಿಯೇ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಗದ್ಯಕಥೆಯನ್ನು ರಚಿಸಿದ್ದನು. ಅದಕ್ಕೆ ಆಧಾರವಾದ ವಿಶಾಖದತ್ತನ ಮುದ್ರಾರಾಕ್ಷಸ ನಾಟಕವಾದರೋ ಅದಕ್ಕಿಂತ ಸಹಸ್ರ ವರ್ಷಗಳಷ್ಟು ಹಳೆಯದು. ಆದುದರಿಂದ ಮೇಲಿನ ಅಭಿಪ್ರಾಯವು ಪುನರ್ವಿಚಾರಕ್ಕೆ ಅರ್ಹವಾಗಿದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ರಹಸ್ಯಕಥೆಯಲ್ಲಿ ಅಪರಾಧಿಯು ಯಾರೆಂಬುದು ಕಡೆಯವರೆಗೆ ಗುಪ್ತವಾಗಿರಬೇಕು. ಮುದ್ರಾರಾಕ್ಷಸದಲ್ಲಿಯೋ ಚಾಣಕ್ಯನ ಅಭಿಪ್ರಾಯವು ಮೊದಲನೆಯ ಅಂಕದಲ್ಲಿಯೇ ಸಾಮಾಜಿಕರಿಗೆ ವಿದಿತವಾಗುತ್ತದೆ. ಆದಕಾರಣ ಅದು ರಾಜನೀತಿಯ ನಾಟಕವೇ ಹೊರತು ರಹಸ್ಯಕಥೆಯಲ್ಲ ಎಂದು. ಇದು ಸರಿಯಲ್ಲ. ನಂದರ ಅಮಾತ್ಯನಾದ ರಾಕ್ಷಸನನ್ನು ಚಂದ್ರಗುಪ್ತನ ಮಂತ್ರಿಯನ್ನಾಗಿ ಮಾಡಬೇಕೆಂಬ ಗುರಿಯು ಮಾತ್ರ ತಿಳಿಯುತ್ತದೆ, ಅದಕ್ಕೆ ಹಿಡಿದ ದಾರಿಯು ತಿಳಿಯುವುದಿಲ್ಲ. ಮುಖ್ಯವಾದ ಆಜ್ಞೆಗಳನ್ನು ಚಾಣಕ್ಯನು ಸಿದ್ಧಾರ್ಥಕನ ಕಿವಿಯಲ್ಲಿ ಹೇಳುತ್ತಾನೆ. ಕವಿಯು ಸಾಮಾಜಿಕರನ್ನು ಅರ್ಧ ಬೆಳಕಿನಲ್ಲಿಯೂ ಅರ್ಧ ಕತ್ತಲೆಯಲ್ಲಿಯೂ ನಿಲ್ಲಿಸಿರುವನು. ಇದಲ್ಲದೆ ಕಥೆಯ ಬುಡದಲ್ಲಿ ಒಂದು ಕೊಲೆಯೂ ಇದೆ. ಚಂದ್ರಗುಪ್ತನ ಮಿತ್ರನಾಗಿದ್ದ ಪರ್ವತಕನನ್ನು ವಿಷಕನ್ಯೆಯಿಂದ ಕೊಲ್ಲಿಸಿದವರು ಯಾರು? ಈ ಪ್ರಶ್ನೆಯ ಮೇಲೆಯೇ ಅವನ ಮಗನಾದ ಮಲಯಕೇತುವಿನ ಸ್ನೇಹವೂ ದ್ವೇಷವೂ ನಿಂತಿವೆ.

ಈ ನಾಟಕದ ಜೀವಾಳವಿರುವುದು ಪ್ರಮಾಣವಿಚಾರದಲ್ಲಿ. ಎರಡನೆಯ ಅಂಕದಲ್ಲಿ ಹಾವಾಡಿಗನ ವೇಷದಿಂದ ಬಂದ ವಿರಾಧಗುಪ್ತನು, ಚಂದ್ರಗುಪ್ತನ ವಧೆಗಾಗಿ ರಾಕ್ಷಸನು ಮಾಡಿದ ಪ್ರಯತ್ನಗಳೆಲ್ಲವೂ ವಿಫಲವಾದುದನ್ನು ನಿವೇದಿಸುತ್ತಾನೆ. ವೈದ್ಯನಾದ ಅಭಯದತ್ತನು ಔಷಧದಲ್ಲಿ ವಿಷವನ್ನು ಬೆರಸಿ ಚಿನ್ನದ ಪಾತ್ರೆಯಲ್ಲಿ ತಂದನು. ಪಾತ್ರೆಯಲ್ಲಿ ಬಣ್ಣವು ಕೆಟ್ಟುದನ್ನು ಚಾಣಕ್ಯನು ಕಂಡು ಕುಡಿಯಬೇಡವೆಂದು ತಡೆದನು. ಬೀಭತ್ಸಕನೇ ಮೊದಲಾದ ಘಾತಕರು ಶಯನಗೃಹದ ಗೋಡೆಯೊಳಗಿನ ಸುರಂಗದಲ್ಲಿ ಅಡಗಿದ್ದರು. ಅರಸನಿಗಿಂತ ಮುಂಚೆ ಆ ಗೃಹವನ್ನು ಹೊಕ್ಕ ಚಾಣಕ್ಯನು ಗೋಡೆಯ ಬಿರುಕಿನಿಂದ ಇರುವೆಗಳ ಸಾಲೊಂದು ಅನ್ನದ ಅಗುಳುಗಳನ್ನು ಹೊತ್ತು ಹೊರಡುತ್ತಿದ್ದುದನ್ನು ಕಂಡನು. ಅನ್ನವಿದ್ದಲ್ಲಿ ಉಣ್ಣುವವರು ಇರಲೇಬೇಕೆಂದು ನಿಶ್ಚಯಿಸಿ ಆ ಮನೆಗೆ ಬೆಂಕಿಯನ್ನಿಡಿಸಿದನು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕಶಾಸ್ತ್ರದ ದೃಷ್ಟಾಂತಕ್ಕೆ ಇದು ಸರಿಜೋಡಿಯಾದುದು. ಇಲ್ಲಿ ಹೇತುವು ಸದ್ಧೇತು. ಇರುವೆಗಳಿಗೆ ಯಾವ ಪಕ್ಷವೂ ಇಲ್ಲ.

ಐದನೆಯ ಅಂಕದಲ್ಲಿ ಇದೇ ಅನುಮಾನವು ತಲೆಕೆಳಗಾಗುತ್ತದೆ. ಚಂದನದಾಸನ ಮನೆಯಲ್ಲಿ, ಹೊರಗೆ ಓಡಿದ ಐದು ವರ್ಷದ ಬಾಲಕನನ್ನು ಹಿಡಿದೆಳೆದ ಸ್ತ್ರೀಯೊಬ್ಬಳ ಕೈಯಿಂದ ಜಾರಿದ ರಾಕ್ಷಸನ ಮುದ್ರೆಯುಂಗುರವು ಚಾರನ ಮೂಲಕ ಚಾಣಕ್ಯನಿಗೆ ಸಿಕ್ಕಿತಷ್ಟೆ. ಅವನು ರಾಕ್ಷಸನ ಆಪ್ತನಾದ ಶಕಟದಾಸನ ಕೈಯಿಂದಲೇ, ಅವನಿಗೆ ಮರ್ಮವು ತಿಳಿಯದಂತೆ, ಹೆಸರಿಲ್ಲದ ಒಂದು ಲೇಖವನ್ನು ಬರೆಯಿಸಿ ಆ ಮುದ್ರೆಯನ್ನು ಒತ್ತಿಸಿದನು. ಸಿದ್ಧಾರ್ಥಕನು ಆ ಲೇಖವನ್ನೂ, ರಾಕ್ಷಸನು ಅವನಿಗೆ ಬಹುಮಾನವಾಗಿ ಕೊಟ್ಟ ಆಭರಣಗಳನ್ನೂ ಇಟ್ಟುಕೊಂಡು, ರಹದಾರಿಯ ಮುದ್ರೆಯಿಲ್ಲದೆ ಮಲಯಕೇತುವಿನ ಪಾಳೆಯದಿಂದ ಹೊರಟು ಬೇಕೆಂದೇ ಸಿಕ್ಕಿಬೀಳುತ್ತಾನೆ. ರಹದಾರಿಯನ್ನು ಕೊಡುವ ಭಾಗುರಾಯಣನೂ ಚಾಣಕ್ಯನ ಕಡೆಯವನೇ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ವಿಧಿಯಿದೆ: ಒಂದು ಮಾಷಕಕ್ಕೆ ಮುದ್ರೆಯನ್ನು ಕೊಡಬೇಕು, ಮುದ್ರೆಯಿಲ್ಲದವನಿಗೆ 12 ಪಣ ದಂಡ. ರಾಜ್ಯದ ರಕ್ಷಣೆಗಾಗಿ ಏರ್ಪಟ್ಟ ಈ ಕಟ್ಟಳೆಯೇ ನಾಟಕದಲ್ಲಿ ಶತ್ರುವಿನ ಬಲೆಯಾಗಿ ಪರಿಣಮಿಸಿದೆ.

ಮಲಯಕೇತುವು ಮೂಢನಲ್ಲ. ಅವನು ಕ್ರಮವರಿತು ವಿಚಾರಣೆ ಮಾಡುತ್ತಾನೆ. ಮುದ್ರೆಯನ್ನು ನೋಡುತ್ತಾನೆ, ಅದು ರಾಕ್ಷಸನದೇ. ಶಕಟದಾಸನ ಬೇರೊಂದು ಬರಹವನ್ನು ತರಿಸಿ ಅಕ್ಷರಗಳನ್ನು ಹೋಲಿಸುತ್ತಾನೆ, ಅವು ಒಂದೇ. ರಾಕ್ಷಸನ ಮೈಮೇಲಿದ್ದ ಆಭರಣಗಳು ತನ್ನ ತಂದೆ ಧರಿಸುತ್ತಿದ್ದವೆಂದು ಗುರುತಿಸುತ್ತಾನೆ; ಅದೂ ನಿಜವೇ, ಚಾಣಕ್ಯನ ಬ್ರಾಹ್ಮಣರು ಅವನ್ನು ರಾಕ್ಷಸನಿಗೆ ಮಾರಿದ್ದರು. ಕ್ಷಪಣಕವೇಷದ ಜೀವಸಿದ್ಧಿಯು ವಿಷಕನ್ಯೆಯನ್ನು ಪ್ರಯೋಗಿಸಿದವನು ರಾಕ್ಷಸನೆನ್ನುತ್ತಾನೆ. ಅದರಲ್ಲಿಯೂ ಅರ್ಧವು ಸತ್ಯ. ರಾಕ್ಷಸನು ಅವಳನ್ನು ಕಳುಹಿಸಿದ್ದು ಚಂದ್ರಗುಪ್ತನ ಮೇಲೆ. ಅವಳನ್ನು ಪರ್ವತಕನ ಕಡೆಗೆ ತಿರುಗಿಸಿದವನು ಚಾಣಕ್ಯ. ಒಂದೊಂದು ಸಾಕ್ಷ್ಯವೂ ಬಿಡಿಯಾಗಿ ಪರೀಕ್ಷೆಗೆ ನಿಲ್ಲುತ್ತದೆ. ಎಲ್ಲವೂ ಸೇರಿ ಸಾಧಿಸಿದ ನಿರ್ಣಯವು ಮಾತ್ರ ಸುಳ್ಳು. ಆ ನಿರ್ಣಯದ ಫಲವಾಗಿ ಮಿತ್ರರಾದ ಐವರು ಅರಸರು ಹತರಾಗುತ್ತಾರೆ. ಸ್ವತಃ ರಾಕ್ಷಸನೇ, ಅಕ್ಷರವನ್ನು ಕಂಡು, ಶಕಟದಾಸನು ಹೆಂಡಿರುಮಕ್ಕಳ ಮೋಹದಿಂದ ದ್ರೋಹವೆಸಗಿರಬಹುದೆಂದು ಶಂಕಿಸುತ್ತಾನೆ. ನಿರಪರಾಧಿಯೇ ತನ್ನ ವಿರುದ್ಧವಾದ ಸಾಕ್ಷ್ಯಕ್ಕೆ ತಲೆಬಾಗುವ ಈ ಸನ್ನಿವೇಶವು ಅತ್ಯಂತ ಕರುಣಾಜನಕವಾದುದು.

ಇದೇ ಅಂಕದಲ್ಲಿ ರಾಕ್ಷಸನು ತನ್ನ ಸೈನ್ಯವನ್ನು ತರ್ಕದ ಹೇತುವಿಗೆ ಹೋಲಿಸುವ ಪ್ರಸಿದ್ಧವಾದ ಪದ್ಯವಿದೆ. ಸಾಧನವೆಂಬ ಶಬ್ದಕ್ಕೆ ಸೇನೆಯೆಂದೂ ಹೇತುವೆಂದೂ ಎರಡರ್ಥ. ಸಪಕ್ಷದಲ್ಲಿದ್ದು ವಿಪಕ್ಷದಿಂದ ಬೇರೆಯಾಗಿರುವ ಸಾಧನವೇ ಜಯಕ್ಕೆ ಕಾರಣ, ಎರಡರಲ್ಲಿಯೂ ಸಮವಾಗಿರುವ ಸಾಧನವನ್ನು ನಂಬಿದವನು ವಾದಿಯಂತೆ ಸೋಲುವನೆಂಬುದು ಅದರ ತಾತ್ಪರ್ಯ. ಹೇತ್ವಾಭಾಸದ ಲಕ್ಷಣವನ್ನು ಬಲ್ಲವನೇ ಕೆಲವು ಕ್ಷಣಗಳಲ್ಲಿ ಹೇತ್ವಾಭಾಸಕ್ಕೆ ಬಲಿಯಾಗುತ್ತಾನೆ. ವಿಶಾಖದತ್ತನು ಈ ಪದ್ಯವನ್ನು ಪಾಂಡಿತ್ಯಪ್ರದರ್ಶನಕ್ಕಾಗಿ ಇಟ್ಟಿರುವನೆಂದು ಭಾವಿಸುವುದು ಯುಕ್ತವಲ್ಲ. ಅದು ನಾಟಕದ ಬೀಗದ ಕೈ. ತರ್ಕವು ಕೊಟ್ಟ ಹೇತುವನ್ನು ಪರೀಕ್ಷಿಸಬಲ್ಲುದು. ಆ ಹೇತುವನ್ನು ತಂದು ಮುಂದಿಟ್ಟ ಕೈ ಯಾರದೆಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಮಲಯಕೇತುವು ಮುದ್ರೆಯನ್ನು ಪರೀಕ್ಷಿಸಿದನು, ಮುದ್ರೆಯ ಸಂಚಾರವನ್ನು ಪರೀಕ್ಷಿಸಲಿಲ್ಲ.

ಈ ಎಚ್ಚರಿಕೆಯು ಇತಿಹಾಸಕಾರರಿಗೂ ಅನ್ವಯಿಸುತ್ತದೆ. ಮೌರ್ಯರ ಚರಿತ್ರೆಗೆ ಮುದ್ರಾರಾಕ್ಷಸವನ್ನೇ ಪ್ರಮಾಣವೆಂದು ಹಿಡಿಯುವವರು, ಅದರಲ್ಲಿ ಹೂಣರ ಹೆಸರು ಬರುವುದನ್ನು ಗಮನಿಸಬೇಕು, ಕ್ರಿ. ಪೂ. ನಾಲ್ಕನೆಯ ಶತಮಾನದ ಪಾಟಲಿಪುತ್ರಕ್ಕೆ ಅದು ಹೊಂದುವುದಿಲ್ಲ. ಭರತವಾಕ್ಯದಲ್ಲಿ ಕೆಲವು ಪ್ರತಿಗಳು ಚಂದ್ರಗುಪ್ತನೆಂದೂ, ಕೆಲವು ಅವಂತಿವರ್ಮನೆಂದೂ, ಮತ್ತೆ ಕೆಲವು ದಂತಿವರ್ಮನೆಂದೂ ಅರಸನನ್ನು ಹೆಸರಿಸುತ್ತವೆ. ಆದುದರಿಂದಲೇ ಕವಿಯ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಲ್ಲಿಯೂ ಲೇಖವನ್ನು ಓದುವುದಕ್ಕೆ ಮುಂಚೆ ಅದು ಯಾವ ಯಾವ ಕೈಗಳನ್ನು ದಾಟಿ ಬಂದಿದೆಯೆಂಬುದನ್ನು ನೋಡಬೇಕಾಗಿದೆ.

ಕೆಂಪುನಾರಾಯಣನು ಇಂತಹ ವಸ್ತುವನ್ನು ಆರಿಸಿಕೊಂಡು, ನಾಟಕದಂತೆ ನಡುವಿನಿಂದ ತೊಡಗದೆ, ನಂದರ ಪೂರ್ವಕಥೆಯಿಂದ ಗದ್ಯದಲ್ಲಿ ವಿಸ್ತರಿಸಿದನು. ಆ ಪೂರ್ವಕಥೆಗೆ ದಕ್ಷಿಣದೇಶದಲ್ಲಿ ಆಗಲೇ ಪ್ರಚಾರವಿತ್ತು. 1713ರಲ್ಲಿ ತಂಜಾವೂರಿನ ಢುಂಢಿರಾಜನು ಬರೆದ ವ್ಯಾಖ್ಯಾನದ ಉಪೋದ್ಘಾತದಲ್ಲಿ, ಸಿಂಹಳದ ಅರಸನು ಪಂಜರದಲ್ಲಿಟ್ಟು ಕಳುಹಿಸಿದ ಸಿಂಹವೊಂದನ್ನು ಪಂಜರವನ್ನು ತೆರೆಯದೆ ಹೊರಡಿಸಬೇಕೆಂಬ ಒಗಟು ಬರುತ್ತದೆ. ಅದು ಮೇಣದ ಸಿಂಹವೆಂದರಿತ ಚಂದ್ರಗುಪ್ತನು ಕಾದ ಕಬ್ಬಿಣದ ಸಲಾಕೆಯಿಂದ ಅದನ್ನು ಕರಗಿಸುತ್ತಾನೆ. ಆಸ್ಥಾನವೂ ರಹಸ್ಯವೂ ಬುದ್ಧಿಯ ಪರೀಕ್ಷೆಯೂ ಕೂಡಿದ ಕಥೆಗಳ ಪರಂಪರೆಯೇ ಹೀಗೆ ಸಿದ್ಧವಾಗಿತ್ತು. ಅರ್ಥಶಾಸ್ತ್ರವು ಅಚ್ಚಾಗುವುದಕ್ಕೆ 86 ವರ್ಷ ಮುಂಚೆ, ಬಂಕಿಮಚಂದ್ರರ ಮೊದಲ ಬಂಗಾಳೀ ಕಾದಂಬರಿಯಾದ ದುರ್ಗೇಶನಂದಿನಿಗೆ 42 ವರ್ಷ ಮುಂಚೆ, ಮೈಸೂರಿನಲ್ಲಿ ಕನ್ನಡ ಗದ್ಯವು ಇಂತಹ ಕಥಾಭಾರವನ್ನು ಹೊರುವ ಶಕ್ತಿಯನ್ನು ತೋರಿಸಿತ್ತು. ಆದುದರಿಂದ ಮುದ್ರಾಮಂಜೂಷವನ್ನು ಸಂಸ್ಕೃತ ನಾಟಕದ ಕಥಾಸಾರವೆಂದು ಪಾಠಕ್ರಮದಲ್ಲಿ ಒಂದು ವಾಕ್ಯದಿಂದ ದಾಟಿಬಿಡುವುದು ನ್ಯಾಯವಲ್ಲ.

ಕಡೆಗೆ ರಾಕ್ಷಸನನ್ನು ಗೆದ್ದುದು ಯಾವ ಸಾಕ್ಷ್ಯವೂ ಅಲ್ಲ. ತನ್ನ ಸಂಸಾರಕ್ಕೆ ಆಶ್ರಯ ಕೊಟ್ಟ ರತ್ನವರ್ತಕ ಚಂದನದಾಸನನ್ನು ವಧ್ಯಸ್ಥಾನಕ್ಕೆ ಕರೆದೊಯ್ಯುತ್ತಾರೆಂಬ ಸುದ್ದಿಯು ಕಿವಿಗೆ ಬಿದ್ದೊಡನೆ ಅವನು ಬಂದು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಆ ವಧೆಯೂ ಚಾಣಕ್ಯನು ಹೂಡಿದ ನಾಟಕವೇ. ಆದರೆ ಮಿತ್ರನಿಗಾಗಿ ಪ್ರಾಣವನ್ನು ಕೊಡಲು ಬಂದ ರಾಕ್ಷಸನ ಮನಸ್ಸು ಕೃತಕವಲ್ಲ. ಚಾಣಕ್ಯನು ಮುದ್ರೆಯನ್ನು ಕದ್ದುದೂ ಲೇಖವನ್ನು ಬರೆಯಿಸಿದುದೂ ಆ ಒಂದು ಸತ್ಯವನ್ನು ನಂಬಿಯೇ.