ಕಿರ್ದಿಯಿಂದ ಕಂಪ್ಯೂಟರಿನವರೆಗೆ: ಕೂಡುವ ಲೆಕ್ಕದ ಕಥೆ



ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಸಹಕಾರಿ ಸಂಘಕ್ಕೇ ಹೇಳಿ ಮಾಡಿಸಿದಂತಿದೆ. ಹತ್ತು ಮಂದಿಯ ಶೇರು, ಠೇವಣಿ ಕೂಡಿದರೇನೇ ಸಂಘ. ಆ ಕೂಡುವ ಲೆಕ್ಕದಲ್ಲಿ ವಿಶ್ವಾಸ ಹೋದರೆ ಸಂಘವೇ ಹೋದಂತೆ. ಹಿಂದೆ ಬೇರೀಜು ಹೇಗೆ ಹಾಕುತ್ತಿದ್ದರು, ಈಗ ಹೇಗೆ ಹಾಕುತ್ತಾರೆ ಎಂಬುದನ್ನು ಈ ಬೆಳ್ಳಿ ಹಬ್ಬದ ಸಂದರ್ಭದಲ್ಲಿ ನಾಲ್ಕು ಮಾತಿನಲ್ಲಿ ತಿಳಿಸುತ್ತೇನೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಆಗ ಗದಗವೂ ನಮ್ಮ ಕಾರವಾರ, ಅಂಕೋಲೆಯೂ ಮುಂಬೈ ಪ್ರಾಂತದಲ್ಲೇ ಇದ್ದವು. 1920ರಲ್ಲಿ ಶಿರಸಿಯಲ್ಲಿ ನಮ್ಮ ಜಿಲ್ಲೆಯ ಕೆ.ಡಿ.ಸಿ.ಸಿ. ಬ್ಯಾಂಕು ಹುಟ್ಟಿತು. ಕಿರ್ದಿ, ಖತಾವಣಿ, ತೇರೀಜು, ಶಿಲ್ಕು ಇವೆಲ್ಲ ಹಳೆಯ ದಫ್ತರದ ಮಾತುಗಳು. ಇವತ್ತಿಗೂ ನಮ್ಮ ಹಿರಿಯರ ಬಾಯಲ್ಲಿ ಇವೆ.

ಆಗಿನ ಕೂಡುವ ಲೆಕ್ಕ ಸುಲಭದ್ದಲ್ಲ. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ. 3 ರೂಪಾಯಿ 11 ಆಣೆ 9 ಪೈಗೆ 2 ರೂಪಾಯಿ 7 ಆಣೆ 8 ಪೈ ಕೂಡಿಸಬೇಕು ಅನ್ನಿ. ಪೈ ಕೂಡಿದರೆ 17, ಅದರಲ್ಲಿ 12 ತೆಗೆದರೆ ಒಂದಾಣೆ, ಉಳಿದದ್ದು 5 ಪೈ. ಆಣೆ ಕೂಡಿದರೆ 19, ಅದರಲ್ಲಿ 16 ತೆಗೆದರೆ ಒಂದು ರೂಪಾಯಿ, ಉಳಿದದ್ದು 3 ಆಣೆ. ಅಂತೂ 6 ರೂಪಾಯಿ 3 ಆಣೆ 5 ಪೈ. ಎರಡೇ ರಕಮಿಗೆ ಇಷ್ಟಾದರೆ ಇನ್ನೂರು ಖಾತೆಗೆ ಎಷ್ಟು ಹೊತ್ತು ಬೇಕು, ನೀವೇ ಯೋಚಿಸಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆದ ಮೇಲೆ ಈ ತೊಡಕು ಹೋಯ್ತು.

ತಾಳೆ ನೋಡುವುದಕ್ಕೆ ಪುಟವನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ಕೂಡಿಸುವುದು ಹಳೆಯ ಕ್ರಮ. ಇನ್ನೊಂದು ಉಪಾಯವೂ ಇದೆ. ವ್ಯತ್ಯಾಸದ ರಕಮು 9ರಿಂದ ಪೂರ್ತಿ ಭಾಗ ಹೋದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು. 450 ಬರೆಯುವಲ್ಲಿ 540 ಬರೆದರೆ ವ್ಯತ್ಯಾಸ 90. ಈ ಉಪಾಯ ಕಂಪ್ಯೂಟರ್ ಕಾಲದಲ್ಲೂ ಉಪಯೋಗಕ್ಕೆ ಬರ್ತದೆ.

ಕಂಪ್ಯೂಟರಿನ ಲೆಕ್ಕದ ಹಾಳೆ ಬಂದದ್ದು 1979ರಲ್ಲಿ. ಅಮೇರಿಕೆಯ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಸೇರಿ ವಿಸಿಕ್ಯಾಲ್ಕ್ ಮಾಡಿದರು. 1985ರಲ್ಲಿ ಎಕ್ಸೆಲ್ ಬಂತು. ನಮ್ಮ ಖಾತೆ ಪುಸ್ತಕದ ಹಾಗೆಯೇ ಇದರಲ್ಲೂ ಅಡ್ಡಸಾಲು, ಉದ್ದಸಾಲು ಇರ್ತವೆ. ‘ಸಿ’ ಸಾಲಿನ 5ನೇ ಮನೆಯಿಂದ 204ನೇ ಮನೆಯವರೆಗೆ ಇನ್ನೂರು ಸದಸ್ಯರ ರಕಮು ಇದ್ದರೆ =ಸಮ್(ಸಿ5:ಸಿ204) ಎಂಬ ಸೂತ್ರ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬೇರೀಜು ತಯಾರು. ಒಂದು ಅಂಕಿ ತಿದ್ದಿದರೆ ಬೇರೀಜು ತಾನೇ ತಿದ್ದಿಕೊಳ್ಳುತ್ತದೆ. ಒಂದೇ ಕೇರಿಯವರದ್ದು ಬೇರೆ ಕೂಡಿಸಬೇಕಿದ್ದರೆ ಸಮ್‌ಇಫ್ ಎಂಬ ಇನ್ನೊಂದು ಸೂತ್ರ ಇದೆ.

ಆದರೆ ಯಂತ್ರ ಹೇಳಿದಷ್ಟೇ ಮಾಡ್ತದೆ. ರಕಮಿನ ಮನೆಯಲ್ಲಿ ‘1500 ರೂ.’ ಎಂದು ಅಕ್ಷರ ಸೇರಿಸಿ ಬರೆದರೆ ಅದನ್ನು ಅಂಕಿ ಎಂದು ತಿಳಿಯದೆ ಬಿಟ್ಟು ಕೂಡಿಸುತ್ತದೆ, ಬಿಟ್ಟದ್ದನ್ನು ಹೇಳುವುದೂ ಇಲ್ಲ. 250ರ ಬದಲು 2500 ಹೊಡೆದರೆ ಅದನ್ನೇ ಕೂಡಿಸುತ್ತದೆ. ಕೂಡಿದ್ದು ಸರಿ, ಬಂದದ್ದು ತಪ್ಪು!

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಮಂಜೂರಿ ಕೊಟ್ಟಿದೆ. ಒಳ್ಳೆಯದೇ. ಹಾಗಂತ ಸದಸ್ಯರ ಕೆಲಸ ಮುಗಿಯಿತು ಅಂತ ತಿಳಿಯಬಾರದು. ಎಲ್ಲ ಸದಸ್ಯರ ಶೇರು ಪಟ್ಟಿಯ ಬೇರೀಜು ಅಢಾವೆ ಪತ್ರಿಕೆಯ ಶೇರು ಬಂಡವಾಳಕ್ಕೆ ತಾಳೆ ಆಗಬೇಕು. ಠೇವಣಿಗೂ ಸಾಲಬಾಕಿಗೂ ಇದೇ ನಿಯಮ. ಆ ತಾಳೆಯನ್ನು ಸೆಕ್ರೆಟರಿಯವರೂ ಲೆಕ್ಕ ಪರಿಶೋಧಕರೂ ನೋಡ್ತಾರೆ. ಆದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಎದುರಿಗಿರುವ ರಕಮು ಖರೆಯೋ ಅಲ್ಲವೋ ಅಂತ ಮೊದಲು ಗೊತ್ತಾಗುವುದು ನಿಮಗೇ. ಇನ್ನೂರು ಸಾಲು ಕೂಡಿಸಲಿಕ್ಕೆ ಯಂತ್ರ ಇದೆ, ನಿಮ್ಮ ಒಂದು ಸಾಲು ನೋಡಲಿಕ್ಕೆ ನೀವೇ ಬೇಕು.

ಆದ್ದರಿಂದ ಹಣ ಕಟ್ಟಿದ ದಿನವೇ ಪಾವತಿ ಕೇಳಿ ಪಡೆಯಿರಿ. ಪಾಸ್‌ಬುಕ್ ತುಂಬಿಸಿಕೊಳ್ಳಿ. ಸರ್ವಸಾಧಾರಣ ಸಭೆಗೆ ಬರುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ಸಂಶಯ ಬಂದರೆ ಸಂಕೋಚ ಮಾಡದೆ ಕೇಳಿ. ಕೇಳುವ ಸದಸ್ಯರಿದ್ದರೆ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಇದೇ ವಿಶ್ವಾಸದಲ್ಲಿ ಆಚರಿಸೀತು.