ಕ್ಯಾಥೊಲಿಕ್ ಧರ್ಮಸಭೆ ಮತ್ತು ಶಿಕ್ಷಕಿಯರು

ಹೆಣ್ಣಿನ ಸಹಜ ಕ್ಷೇತ್ರ ಮನೆಯೆಂದು ಬಹುಕಾಲ ಬೋಧಿಸುತ್ತ ಬಂದ ಕ್ಯಾಥೊಲಿಕ್ ಧರ್ಮಸಭೆಯೇ ಸಾವಿರಾರು ಸ್ತ್ರೀಯರನ್ನು ಶಾಲೆಗಳಲ್ಲಿ ಬೋಧಕಿಯರನ್ನಾಗಿ ನಿಲ್ಲಿಸಿತು. ಪಾಠ ಹೇಳುವುದನ್ನು ಸಂಬಳದ ಉದ್ಯೋಗವೆನ್ನದೆ ದೇವರ ಕರೆಗೆ ಓಗೊಟ್ಟ ಸೇವೆಯೆಂದೂ ತಾಯ್ತನದ ಇನ್ನೊಂದು ರೂಪವೆಂದೂ ವ್ಯಾಖ್ಯಾನಿಸಿದ್ದರಿಂದ ಈ ಎರಡು ನಿಲುವುಗಳು ಜೊತೆಜೊತೆಗೇ ಬಾಳಿದವು.

1535ರಲ್ಲಿ ಇಟಲಿಯ ಬ್ರೆಷಿಯಾದಲ್ಲಿ ಆಂಜೆಲಾ ಮೆರಿಚಿ ಸ್ಥಾಪಿಸಿದ ಉರ್ಸುಲೈನ್ ಸಂಘದ ಸದಸ್ಯೆಯರು ಮೊದಮೊದಲು ತಂತಮ್ಮ ಮನೆಗಳಲ್ಲೇ ಇದ್ದು ಸೇವೆ ಸಲ್ಲಿಸುತ್ತಿದ್ದರು. ಆದರೆ ಪೋಪ್ ಐದನೆಯ ಪಿಯುಸ್ 1566ರಲ್ಲಿ ಕನ್ಯಾಸ್ತ್ರೀಯರೆಲ್ಲರಿಗೂ ಆವೃತವಾಸವನ್ನು, ಅಂದರೆ ಮಠದ ಗೋಡೆಯಾಚೆ ಕಾಲಿಡದ ಬಾಳನ್ನು, ವಿಧಿಸಿದ ಮೇಲೆ ಬೋಧನೆಯೂ ಗೋಡೆಯೊಳಗೇ ನಡೆಯಬೇಕಾಯಿತು. ಈ ಕಟ್ಟಳೆಗೆ ಒಪ್ಪದೆ, ಯೇಸುಸಭೆಯ (ಜೆಸ್ವಿಟ್ ಪುರುಷರ ಧಾರ್ಮಿಕ ಸಂಘದ) ಮಾದರಿಯಲ್ಲಿ ಹೊರಗೆ ಓಡಾಡಿ ಹೆಣ್ಣುಮಕ್ಕಳಿಗೆ ಕಲಿಸುವ ಸಂಸ್ಥೆಯನ್ನು ಕಟ್ಟಿದ ಇಂಗ್ಲೆಂಡಿನ ಮೇರಿ ವಾರ್ಡ್ (1585–1645) ಭಾರಿ ಬೆಲೆ ತೆತ್ತಳು. 1631ರಲ್ಲಿ ಪೋಪ್ ಎಂಟನೆಯ ಅರ್ಬನ್ ಆ ಸಂಸ್ಥೆಯನ್ನು ರದ್ದುಗೊಳಿಸಿದ. ಅದೇ ವರ್ಷ ಮ್ಯೂನಿಕ್‌ನ ಮಠವೊಂದರಲ್ಲಿ ಸೆರೆಯಲ್ಲಿದ್ದ ಆಕೆ ನಿಂಬೆರಸದಲ್ಲಿ ಪತ್ರ ಬರೆದು ಕಳುಹಿಸುತ್ತಿದ್ದಳು, ಸಂಗಾತಿಯರು ಕಾಗದವನ್ನು ಬಿಸಿಗೆ ಹಿಡಿದು ಓದಿಕೊಳ್ಳುತ್ತಿದ್ದರು. ಆಕೆಯನ್ನು ಸಂಸ್ಥಾಪಕಿಯೆಂದು ಒಪ್ಪಲು ರೋಮ್ 1909ರ ವರೆಗೆ ಕಾಲ ತೆಗೆದುಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಚಿತ್ರವೇ ಬೇರೆ. 1850ರ ಫಾಲೂ ಕಾಯಿದೆಯ ಪ್ರಕಾರ, ಸಾಮಾನ್ಯ ಶಿಕ್ಷಕಿ ಪರೀಕ್ಷೆ ಬರೆದು ಅರ್ಹತಾಪತ್ರ ಪಡೆಯಬೇಕಿದ್ದರೆ, ಕನ್ಯಾಸ್ತ್ರೀಗೆ ಮಠದ ಮುಖ್ಯಸ್ಥೆ ಕೊಡುವ ವಿಧೇಯತಾಪತ್ರವೊಂದೇ ಸಾಕಾಗುತ್ತಿತ್ತು. ವ್ರತವೇ ವಿದ್ಯೆಗೆ ಬದಲಾಗಿ ನಿಂತ ಈ ಏರ್ಪಾಡು ಪರೀಕ್ಷೆ ಗೆದ್ದವಳಿಗೆ ಅನ್ಯಾಯವೇ ಸರಿ. 1881ರಲ್ಲಿ ಗಣರಾಜ್ಯ ಸರ್ಕಾರ ಅದನ್ನು ಕೊನೆಗೊಳಿಸಿ, 1904ರಲ್ಲಿ ಧಾರ್ಮಿಕ ಸಂಘಗಳು ಬೋಧಿಸುವುದನ್ನೇ ನಿಷೇಧಿಸಿತು. ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಮದರ್ ವೆರೋನಿಕಾ ಆರಂಭಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು ಈ ನಿಷೇಧಕ್ಕೆ ಬಹಳ ಮೊದಲು, 1870ರಲ್ಲೇ, ಮಂಗಳೂರಿಗೆ ಬಂದಿದ್ದರು. ಅವರು ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿ, 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು.

ಪೋಪ್ ಹದಿಮೂರನೆಯ ಲಿಯೋ 1891ರ ಪರಿಪತ್ರದಲ್ಲಿ (ಧರ್ಮಾಧ್ಯಕ್ಷರಿಗೆ ಪೋಪ್ ಕಳುಹಿಸುವ ಬೋಧನಾಪತ್ರ) ಸ್ತ್ರೀ ಸ್ವಭಾವತಃ ಮನೆಗೆಲಸಕ್ಕೆ ತಕ್ಕವಳೆಂದು ಬರೆದರೆ, ಹನ್ನೊಂದನೆಯ ಪಿಯುಸ್ 1929ರಲ್ಲಿ ಹುಡುಗ ಹುಡುಗಿಯರ ಸಹಶಿಕ್ಷಣವನ್ನು ಖಂಡಿಸಿದ. ಹುಡುಗಿಯರಿಗೆ ಬೇರೆ ಶಾಲೆ ಬೇಕೆಂದಾಗ ಶಿಕ್ಷಕಿಯರೂ ಬೇಕೇಬೇಕಾದ್ದರಿಂದ, ಈ ಖಂಡನೆ ಪರೋಕ್ಷವಾಗಿ ಅವರ ಉದ್ಯೋಗಕ್ಕೆ ಆಸರೆಯಾಯಿತು.

ಸೇವೆಯ ಈ ಆದರ್ಶ ಸನ್ಯಾಸ ಸ್ವೀಕರಿಸದ ಶಿಕ್ಷಕಿಯರನ್ನೂ ಹಿಡಿದಿಟ್ಟಿತ್ತು. ಜರ್ಮನಿಯಲ್ಲಿ ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ನಿಯಮವನ್ನು ಹಲವರು ವಿರೋಧಿಸುತ್ತಿದ್ದಾಗ, 1885ರಲ್ಲಿ ಪಾಲಿನೆ ಹೆರ್ಬರ್ ಸ್ಥಾಪಿಸಿದ ಕ್ಯಾಥೊಲಿಕ್ ಶಿಕ್ಷಕಿಯರ ಸಂಘವು, ವಿದ್ಯಾರ್ಥಿನಿಯರಿಗೆ ತನ್ನನ್ನು ಪೂರ್ತಿಯಾಗಿ ಮುಡಿಪಿಟ್ಟವಳು ಅವಿವಾಹಿತಳಾಗಿರುವುದೇ ಸರಿಯೆಂಬ ನಿಲುವಿಗೆ ಅಂಟಿಕೊಂಡಿತು.